ಈಜುವ ನೆಲ

ನಮ್ಮ ಕಡೆ ಜೋಪಾನ ಮಾಡಬೇಕಾದದ್ದೆಲ್ಲ ಮೇಲೆ ಹೋಗುತ್ತದೆ. ಅಡಿಕೆ ಅಟ್ಟಕ್ಕೆ, ಹಪ್ಪಳದ ಡಬ್ಬಿ ಅಟ್ಟಕ್ಕೆ, ಮದುವೆಮನೆಯ ದೊಡ್ಡ ಪಾತ್ರೆಗಳೂ ಅಟ್ಟಕ್ಕೇ. ಶಿರಸಿ ಹತ್ತಿರ ಅಪ್ಪನ ಕಾಲದ ಮನೆ ಕೆಡವಿ ಹೊಸದು ಕಟ್ಟುವಾಗ ನಾನೊಬ್ಬ ಬುದ್ಧಿವಂತ ಕೆಳಗೆ ಹೋದೆ. ಹೇಗೂ ಗುಡ್ಡದ ಇಳಿಜಾರು, ಅಡಿಯಲ್ಲೊಂದು ಕೋಣೆ ಸುಮ್ನೆ ಸಿಗುತ್ತದೆ ಅಲ್ವಾ ಅಂದುಕೊಂಡೆ.

ಮೊದಲ ಮಳೆಗಾಲಕ್ಕೇ ಅಲ್ಲಿಟ್ಟ ಎರಡು ಚೀಲ ಚಾಲಿಗೆ, ಅಂದರೆ ಒಣಗಿಸಿದ ಅಡಿಕೆಗೆ, ಬೂಸ್ಟು ಬಂತು. ನೆಲ ಬೆವರುತ್ತದೆ ಎಂದಳು ಅಮ್ಮ. ಅದು ಒರತೆ ಎಂದ ಮೇಸ್ತ್ರಿ. ಜರ್ಮನಿಯಲ್ಲಿ ಎಂಜಿನಿಯರ್ ಆಗಿರುವ ಸೋದರಳಿಯ ಫೋನಿನಲ್ಲೇ ಒಂದು ಪರೀಕ್ಷೆ ಹೇಳಿದ. ಒಂದು ಚೌಕ ಪ್ಲಾಸ್ಟಿಕ್ಕನ್ನು ನೆಲಕ್ಕೆ ಹಾಸಿ ನಾಲ್ಕೂ ಅಂಚಿಗೆ ಟೇಪು ಹಚ್ಚಬೇಕು. ಒಂದು ದಿನ ಬಿಟ್ಟು ನೋಡಬೇಕು. ಅಡಿಯಲ್ಲಿ ಹನಿ ಇದ್ದರೆ ನೀರು ಮಣ್ಣಿನಿಂದ ಏರುತ್ತಿದೆ. ಮೇಲೆ ಇದ್ದರೆ ಗಾಳಿಯ ತೇವ ತಂಪು ನೆಲಕ್ಕೆ ತಾಗಿ ನೀರಾಗುತ್ತಿದೆ. ಮರುದಿನ ನೋಡಿದರೆ ಎರಡೂ ಕಡೆ ಹನಿ! ಅಮ್ಮನೂ ಗೆದ್ದಳು, ಮೇಸ್ತ್ರಿಯೂ ಗೆದ್ದ.

'ಎರಡಕ್ಕೂ ಮದ್ದು ಬೇಕು ಮಾವ' ಎಂದ ಅಳಿಯ. ಕಾಂಕ್ರೀಟಿನ ಮೇಲೆ 250 ಮೈಕ್ರಾನಿನ ಪ್ಲಾಸ್ಟಿಕ್ ಶೀಟು. ಜೋಡಿಸುವಲ್ಲಿ ಅರ್ಧ ಅಡಿ ಒಂದರ ಮೇಲೊಂದು ಬರಬೇಕು, ಅಂಚು ಗೋಡೆಗೆ ಮಡಚಿ ಏರಬೇಕು. ಅದರ ಮೇಲೆ 2 ಇಂಚಿನ ಗಟ್ಟಿ ಥರ್ಮೋಕೋಲ್. ಟೀವಿ ಡಬ್ಬಿಯಲ್ಲಿ ಬರುವ ಪುಡಿಪುಡಿ ಜಾತಿಯದಲ್ಲ. ಅದರ ಮೇಲೆ ಇನ್ನೊಂದು ತೆಳು ಪ್ಲಾಸ್ಟಿಕ್, ಕೊನೆಗೆ ಎರಡೂವರೆ ಇಂಚು ದಪ್ಪದ ಸಿಮೆಂಟು ಮರಳಿನ ಗಾರೆಯ ಪದರ, ಅದಕ್ಕೆ ಸ್ಕ್ರೀಡು ಅನ್ನುತ್ತಾರೆ. ಸ್ಕ್ರೀಡು ಗೋಡೆಗೂ ತಾಗಬಾರದು, ಕೆಳಗಿನ ಕಾಂಕ್ರೀಟಿಗೂ ಅಂಟಬಾರದು. ಅವನ ಊರಲ್ಲಿ ಇದಕ್ಕೆ ಈಜುವ ಸ್ಕ್ರೀಡು ಅಂತಲೇ ಹೆಸರಂತೆ.

ಮೇಸ್ತ್ರಿ ಬೀಡಿ ಕೆಳಗಿಟ್ಟ. 'ನೆಲ ಈಜಿಸ್ಲಿಕ್ಕೆ ಜರ್ಮನಿ ಎಂತಕ್ಕೆ ಒಡೆಯಾ? ಜುಲೈ ತಿಂಗ್ಳು ಸಾಕು.'

ಕೆಲಸ ಜನವರಿಯಲ್ಲಿ ಶುರುವಾಯಿತು. ಶೀಟಿನ ಸುರುಳಿ ಬಂತು. ಅಳತೆಗೆ ಕತ್ತರಿಸಲು ಥರ್ಮೋಕೋಲನ್ನು ಮೊದಲು ಹಾಗೇ ನೆಲದ ಮೇಲೆ ಜೋಡಿಸಿದೆವು. ಸಂಜೆ ಐದಕ್ಕೆ ಗುಡುಗು. ಅಂಗಳದ ತುಂಬ ಅಡಿಕೆ ಒಣಗುತ್ತಿತ್ತು. ಅಡಿಕೆ ಮನೆಯವರಿಗೆ ಅಕಾಲದ ಮಳೆ ಎಂದರೆ ಏನೆಂದು ನಾನು ಹೇಳಬೇಕಾಗಿಲ್ಲ. ಉಣ್ಣುವವರು ಎಡಗೈಯಲ್ಲಿ ಓಡುತ್ತಾರೆ. ಅಮ್ಮ 'ಮಳೆ ಬಂತೋ' ಎಂದು ಕೂಗಿದ್ದೇ ಕೂಗಿದ್ದು, ಮನೆಯವರು, ಕೆಲಸದವರು, ದಾರಿಯಲ್ಲಿ ಹೋಗುತ್ತಿದ್ದ ಹಾಲಿನವನು ಎಲ್ಲ ಸೇರಿ ಕೈಗೆ ಸಿಕ್ಕಿದ್ದನ್ನು ಎಳೆದು ಮುಚ್ಚಿದೆವು. ಕೈಗೆ ಮೊದಲು ಸಿಕ್ಕಿದ್ದೇ 250 ಮೈಕ್ರಾನ್. ಗಾಳಿಗೆ ಹಾರಬಾರದು ಎಂದು ಅದರ ಮೇಲೆ ಚಿರೇಕಲ್ಲು ಹೇರಿದೆವು. ನಾನೂ ಮೇಲೆ ಹತ್ತಿ ನಿಂತೆ. ಅಡಿಕೆ ಒಂದು ಕಾಯಿಯೂ ನೆನೆಯಲಿಲ್ಲ.

ಅಷ್ಟರಲ್ಲಿ ಗುಡ್ಡದ ನೀರು ಮೆಟ್ಟಿಲಿಳಿದು ಕೆಳಗಿನ ಕೋಣೆಗೆ ಹೋಗಿತ್ತು. ಬ್ಯಾಟರಿ ಬಿಟ್ಟು ನೋಡಿದರೆ ಥರ್ಮೋಕೋಲ್ ಹಲಗೆಗಳು ಮೆಲ್ಲಗೆ ತೇಲುತ್ತ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿದ್ದವು. ಒಂದರ ಮೇಲೆ ಬೆಕ್ಕು ಕೂತಿತ್ತು. ಫೋಟೋ ಜರ್ಮನಿಗೆ ಕಳಿಸಿದೆ. ಅಳಿಯ ಉತ್ತರವನ್ನೇ ಕೊಡಲಿಲ್ಲ.

ಚಿರೇಕಲ್ಲಿನ ಮೂಲೆ ಶೀಟಿಗೆ ಎಷ್ಟು ತೂತು ಮಾಡಿತ್ತೋ, ಕಂಡಷ್ಟಕ್ಕೆ ಟೇಪು ಹಚ್ಚಿ ಅದನ್ನೇ ಹಾಸಿದೆವು. ಹೊಸದು ತರಬಹುದಿತ್ತು. ತರಲಿಲ್ಲ. ಸ್ಕ್ರೀಡು ಬಿತ್ತು. ದಿನಕ್ಕೆ 1 ಮಿಲಿಮೀಟರಿನಂತೆ ಒಣಗುತ್ತದೆ, ಎರಡು ತಿಂಗಳಿಗೂ ಜಾಸ್ತಿ ಬೇಕು ಎಂದು ಹೇಳಿದರೂ ಹೆಂಡತಿ ಅಪ್ಪೆಮಿಡಿಯ ಭರಣಿಗಳನ್ನು ಮಾರ್ಚಿಗೇ ತಂದಿಟ್ಟಳು.

ಜೂನ್ ಮೂರನೆಯ ವಾರ ನೆಲ ಬೆವರಲಿಲ್ಲ. ಥರ್ಮೋಕೋಲ್ ಅದರ ಕೆಲಸ ಮಾಡಿತ್ತು. ಆದರೆ ಗುಡ್ಡದ ಕಡೆಯ ಮೂಲೆಯಲ್ಲಿ, ಸ್ಕ್ರೀಡು ಮತ್ತು ಗೋಡೆಯ ನಡುವಿನ ಸಂದಿಯಿಂದ ತಣ್ಣಗಿನ, ಶುದ್ಧವಾದ ನೀರು ಬರತೊಡಗಿತು. ಮೇಸ್ತ್ರಿ ಬಂದವನು ಕೋಣೆಗೆ ಇಳಿಯಲೇ ಇಲ್ಲ. ಮನೆಯ ಹಿಂದೆ ಹೋಗಿ ನಿಂತ.

'ಇಲ್ಲೊಂದು ಬಸಿಗಾಲುವೆ ಇತ್ತಲ್ಲಾ?'

ಇತ್ತು. ಗುಡ್ಡದ ನೀರು ಗೋಡೆಗೆ ಬಾರದೆ ಸುತ್ತಿ ತೋಟಕ್ಕೆ ಇಳಿಯಲಿ ಎಂದು ಅಪ್ಪ ತೋಡಿಸಿದ್ದು. ಕಾರು ನಿಲ್ಲಿಸಲು ಜಾಗ ಬೇಕೆಂದು ನಾನೇ ಮಣ್ಣು ಹಾಕಿ ಮುಚ್ಚಿಸಿದ್ದೆ. ಬಸಿಯಲು ದಾರಿಯಿಲ್ಲದ ನೀರು ಗೋಡೆಗೆ ಒತ್ತಿ ನಿಂತರೆ ಶೀಟಿನ ಒಂದೊಂದು ತೂತನ್ನೂ ಹುಡುಕಿಕೊಂಡು ಬರುತ್ತದೆ. ನನಗೆ ಕಾಣದ ತೂತುಗಳೂ ಅದಕ್ಕೆ ಕಂಡವು.

ಸುರಿಯುವ ಮಳೆಯಲ್ಲೇ ಕಂಬಳಿಕೊಪ್ಪೆ ಹಾಕಿಕೊಂಡು ಕಾಲುವೆ ಮತ್ತೆ ತೋಡಿದರು. ಎರಡು ದಿನಕ್ಕೆ ಮೂಲೆಯ ನೀರು ನಿಂತಿತು. ಕಾರಿಗೆ ಈಗ ಹಲಸಿನ ಮರದಡಿ ಜಾಗ. ನೆನೆಯದಿರಲಿ ಎಂದು ಉಳಿದ ಕಪ್ಪು ಶೀಟನ್ನು ಅದಕ್ಕೆ ಹೊದಿಸಿದ್ದೇನೆ. ಮೊನ್ನೆ ರಾತ್ರಿ ಗಾಳಿಗೆ ಒಂದು ಹಲಸಿನಹಣ್ಣು ಬಿತ್ತು. ಕಾರಿನ ಮೇಲ್ಭಾಗ ಒಂದು ಗೇಣು ತಗ್ಗಿದೆ. ಶೀಟಿಗೆ ಮಾತ್ರ ಒಂದು ತೂತೂ ಬಿದ್ದಿಲ್ಲ.