ಆತಂಕದ ಮಾತ್ರೆಗಾಗಿ ಹಾಲು ಬಿಡಿಸಬೇಕಿಲ್ಲ

‘ಆತಂಕಕ್ಕೆ ಮಾತ್ರೆ ತಗೊಂಡ ಬಾಣಂತಿ ಮಗುವಿಗೆ ಹಾಲು ಕುಡಿಸಬಾರದು’ ಎಂಬ ವಾಟ್ಸಾಪ್ ಸಂದೇಶ ಮಂಡ್ಯದ ಕಡೆ ಓಡಾಡುತ್ತಿದೆ. ಇದು ಸರಿಯಲ್ಲ. ಸರ್ಟ್ರಲೀನ್‌ನಂಥ ಮಾತ್ರೆ ಎದೆಹಾಲಿಗೆ ಸೇರುವುದು ತೀರಾ ಕಡಿಮೆ. ಹಾಲೂಡಿಸುವ ತಾಯಂದಿರಿಗೆ ವೈದ್ಯರು ಅದನ್ನು ಕೊಡುತ್ತಾರೆ. ಎಲ್ಲ ಮಾತ್ರೆಯೂ ಹಾಗಲ್ಲ, ಆದ್ದರಿಂದ ಹಾಲು ಕುಡಿಸುತ್ತಿದ್ದೀರಿ ಎಂದು ವೈದ್ಯರಿಗೆ ಮೊದಲೇ ಹೇಳಿ. ಸುಮ್ನೆ ಹೆದರಿ ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ.

ಹೆರಿಗೆಯಾದ ಮೊದಲ 2 ವಾರ ಅಳು, ಕಳವಳ ಸಾಮಾನ್ಯ. ಆಮೇಲೂ ಮಗು ಮಲಗಿದಾಗ ನಿದ್ದೆ ಬಾರದೆ, ಉಸಿರಾಡುತ್ತಿದೆಯಾ ಎಂದು ಮತ್ತೆ ಮತ್ತೆ ನೋಡುತ್ತಿದ್ದರೆ ಅದಕ್ಕೆ ಚಿಕಿತ್ಸೆ ಇದೆ. ‘ದೃಷ್ಟಿ ತೆಗೆದರೆ ಸರಿಹೋಗುತ್ತೆ’ ಎಂದು ಮನೆಯವರು ದಿನ ತಳ್ಳಬೇಡಿ, ದಯವಿಟ್ಟು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಬಾಣಂತಿಗೆ ತನಗೋ ಮಗುವಿಗೋ ಏನಾದರೂ ಕೇಡು ಮಾಡುವ ಯೋಚನೆ ಬಂದರೆ ಮಾತ್ರ ಕಾಯದೆ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.