55 ಡೆಸಿಬಲ್‌ ಒಳಗೆ ಅರಚುವುದು ಹೇಗೆ?

ಚಿಕ್ಕಬಳ್ಳಾಪುರದ ಹುಡುಗರ ಮೆಟಲ್ ತಂಡವೊಂದು ಆಲ್ಬಂ ಬಿಡುಗಡೆ ಕಾರ್ಯಕ್ರಮಕ್ಕೆ ಅನುಮತಿ ಕೇಳಿತ್ತು, ಸರ್ಕಾರಿ ಕಚೇರಿ ಕೊಡಲಿಲ್ಲ. ಆ ನಿರಾಕರಣೆ ಪತ್ರ ವಾಟ್ಸಾಪ್‌ನಲ್ಲಿ ಓಡಾಡಿದ ರೀತಿ ನೋಡಿದರೆ, ಆಲ್ಬಂಗಿಂತ ಪತ್ರಕ್ಕೇ ಅಭಿಮಾನಿಗಳು ಜಾಸ್ತಿ. ಕಾರ್ಯಕ್ರಮ ನಡೆದರೆ ಸಾರ್ವಜನಿಕ ನೆಮ್ಮದಿ ಕೆಡುತ್ತದಂತೆ. ಓದಿ ನನಗೆ ಕಣ್ಣು ತುಂಬಿ ಬಂತು. ನಮ್ಮೂರಲ್ಲಿ ಸಾರ್ವಜನಿಕ ನೆಮ್ಮದಿ ಅಂತ ಒಂದು ಇದೆ, ಅದು ಇನ್ನೂ ಕೆಡದೆ ಉಳಿದಿದೆ ಅಂತ ಸೀಲು ಸಹಿ ಹಾಕಿ ಬರೆದುಕೊಟ್ಟಿದ್ದಾರೆ. ಲ್ಯಾಮಿನೇಷನ್ ಮಾಡಿಸಿ ಇಟ್ಟುಕೊಳ್ಳಬೇಕು.

ಹುಡುಗರು ನಾಲ್ವರು. ಒಬ್ಬನ ಮನೇಲಿ ಹೂವಿನ ವ್ಯಾಪಾರ. ಒಬ್ಬನ ಅಪ್ಪ ಶಿಡ್ಲಘಟ್ಟದಲ್ಲಿ ರೇಷ್ಮೆ ರೀಲರ್. ಇನ್ನಿಬ್ಬರು ಬೆಳಗಾಗೆದ್ದು ಬೆಂಗಳೂರಿಗೆ ಕೆಲಸಕ್ಕೆ ಓಡುವವರು. ಆಲ್ಬಂನಲ್ಲಿ 17 ಹಾಡು, ಒಟ್ಟು 22 ನಿಮಿಷ. ಡೆತ್ ಮೆಟಲ್, ಗ್ರೈಂಡ್‌ಕೋರ್, ಹಾರ್ಡ್‌ಕೋರ್ ಅಂತ ಅಬ್ಬರದ ರಾಕ್ ಸಂಗೀತದ ಮೂರು ಬಗೆಗಳಿವೆ, ಮೂರನ್ನೂ ಸೇರಿಸಿದ ಮಾಲು. ಡೆತ್ ಮೆಟಲ್ ಕಡೆಯಿಂದ ಗಂಟಲಿನ ಆಳದ ಗುಟುರು, ತಂತಿ ಸಡಿಲಿಸಿ ಬಾರಿಸುವ ಗಿಟಾರು. ಗ್ರೈಂಡ್‌ಕೋರ್ ಕಡೆಯಿಂದ ಡ್ರಮ್ಮಿನ ಹುಚ್ಚು ವೇಗ, ಶುರುವಾಯ್ತು ಅನ್ನೋಷ್ಟರಲ್ಲಿ ಮುಗಿದುಹೋಗುವ ಹಾಡು. ಹಾರ್ಡ್‌ಕೋರ್ ಕಡೆಯಿಂದ ಸಿಟ್ಟು, ಎಲ್ಲರೂ ಸೇರಿ ಕೂಗುವ ಸಾಲು, ಮಧ್ಯೆ ಇದ್ದಕ್ಕಿದ್ದಂತೆ ವೇಗ ಇಳಿಸಿ ನೆಲ ಗುದ್ದಿದ ಹಾಗೆ ಬಾರಿಸುವ ಬ್ರೇಕ್‌ಡೌನ್. ಪೂರ್ತಿ ಇಷ್ಟವಾಯ್ತು ಅಂತ ಸುಳ್ಳು ಹೇಳಲ್ಲ. ಮಧ್ಯದ ನಾಲ್ಕು ಹಾಡುಗಳಲ್ಲಿ ಯಾವುದು ಎಲ್ಲಿ ಮುಗೀತು ಅಂತ ಹುಡುಕೋಕೆ ಸರ್ವೆಯರ್ ಕರೆಸಬೇಕು. ಆದರೆ ಆ ಡ್ರಮ್ಮರ್ ಹುಡುಗನ ಕೈ ಇದೆಯಲ್ಲ, ಅದು ಕೈಯಲ್ಲ. ಅವನ ವಿಷಯಕ್ಕೆ ಆಮೇಲೆ ಬರ್ತೀನಿ.

ಮೊದಲು ಕಾನೂನು. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಜನವಸತಿ ಜಾಗದಲ್ಲಿ ಶಬ್ದದ ಮಿತಿ ಹಗಲು 55 ಡೆಸಿಬಲ್, ರಾತ್ರಿ 45. ಅಂಗಡಿ ಬೀದಿಯಲ್ಲಿ 65 ಮತ್ತು 55. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಮೈಕೇ ಇಲ್ಲ. ಇಷ್ಟನ್ನೂ ಕಚೇರಿಯಲ್ಲಿ ಹುಡುಗರ ಮುಂದೆ ಗಟ್ಟಿಯಾಗಿ ಓದಿದರು. "ನೋಡ್ರಪ್ಪಾ, 55ರ ಒಳಗೆ ಏನು ಬೇಕಾದ್ರೂ ಅರಚ್ಕೊಳ್ಳಿ, ನಮ್ಮದೇನೂ ಅಡ್ಡಿಯಿಲ್ಲ" ಅಂದರು. ಇಬ್ಬರು ಎದುರುಬದುರು ಕೂತು ಸಾಧಾರಣವಾಗಿ ಮಾತಾಡಿದರೇ ಸುಮಾರು 60 ಡೆಸಿಬಲ್ ಆಗುತ್ತದೆ. ನಮ್ಮ ಜಿಲ್ಲೆಯವರು ಮಾತಾಡಿದರೆ ಎಷ್ಟು ಅಂತ ನೀವೇ ಊಹಿಸಿ. ಅಂದರೆ ಆ ಸಾಹೇಬರು ನಿಯಮ ಓದುವಾಗಲೇ ನಿಯಮ ಮುರಿದಿದ್ದರು. ಕೇಸು ಯಾರ ಮೇಲೆ ಹಾಕೋದು?

ಇದೇ ಊರಲ್ಲಿ ಗಣೇಶ ಬಿಡುವ ದಿನ ಡಿಜೆ ಗಾಡಿ ಬರುತ್ತದೆ. ಲಾರಿ ತುಂಬ ಸ್ಪೀಕರ್, ಹಿಂದೆ ಜನರೇಟರ್ ಗಾಡಿ, ಮುಂದೆ ದಾರಿ ಬಿಡಿಸಿಕೊಡಲು ಖಾಕಿ. ಮನೆಯಲ್ಲಿ ಸ್ಟೀಲ್ ಲೋಟಗಳು ಸ್ಟ್ಯಾಂಡಿನಿಂದ ತಾವೇ ಇಳಿದು ಬರುತ್ತವೆ. ಅಲ್ಲಿ ಡೆಸಿಬಲ್ ಮೀಟರ್ ಯಾರೂ ತರುವುದಿಲ್ಲ. ತಂದರೂ ಮೀಟರ್ರೇ ಕುಣಿದುಬಿಟ್ಟೀತು ಅನ್ನುವ ಭಯ ಇರಬೇಕು. ನಿಯಮದಲ್ಲಿ ಅದಕ್ಕೂ ಒಂದು ಕಿಂಡಿ ಇದೆ ಬಿಡಿ. ಧಾರ್ಮಿಕ ಅಥವಾ ಸಾಂಸ್ಕೃತಿಕ ಹಬ್ಬಗಳಿಗೆ ಅಂತ ವರ್ಷಕ್ಕೆ 15 ದಿನ ಮೀರದ ಹಾಗೆ ರಾತ್ರಿ 12ರವರೆಗೆ ಸರ್ಕಾರ ವಿನಾಯಿತಿ ಕೊಡಬಹುದು. ಆ 15 ದಿನ ಯಾವುವು ಅಂತ ಕೇಳಬೇಡಿ. ನಮ್ಮಲ್ಲಿ ಆಗಸ್ಟಿನಲ್ಲಿ ಶುರುವಾಗುವ 15 ದಿನ ದೀಪಾವಳಿ ಕಳೆದರೂ ಮುಗಿಯುವುದಿಲ್ಲ.

ಹುಡುಗರು ಕೇಳಿದ್ದು ಒಂದು ಭಾನುವಾರ ಮಧ್ಯಾಹ್ನ, ಬಾಗಿಲು ಹಾಕಿದ ಹಾಲ್, 22 ನಿಮಿಷ.

ಆಮೇಲೆ ಸಾಹಿತ್ಯದ ಪರಿಶೀಲನೆ. ಹಾಡುಗಳ ಸಾಹಿತ್ಯ ಮೂರು ಪ್ರತಿ ಕೊಡಿ ಅಂದರು. ಡೆತ್ ಮೆಟಲ್ ಗೊತ್ತಿದ್ದವರಿಗೆ ಇದರ ಮಜಾ ಅರ್ಥವಾಗುತ್ತದೆ. ಆ ಗುಟುರು ಸುಮ್ನೆ ಬರಲ್ಲ. ನಾವು ಮಾತಾಡುವ ಧ್ವನಿತಂತುಗಳ ಮೇಲೆ ಗಂಟಲಲ್ಲಿ ಇನ್ನೊಂದು ಜೊತೆ ಮಡಿಕೆಗಳಿವೆ, ಅವನ್ನು ಅದುರಿಸಿ ಆ ದನಿ ತೆಗೆಯುತ್ತಾರೆ. ಅದರಲ್ಲಿ ಏನು ಹೇಳಿದರು ಅನ್ನೋದು ಪಕ್ಕದಲ್ಲಿ ಗಿಟಾರ್ ಬಾರಿಸುವವನಿಗೇ ಗೊತ್ತಾಗಲ್ಲ. ಕೇಳಿಸದ ಮಾತಿನಿಂದ ಯಾರ ಭಾವನೆಗೂ ಧಕ್ಕೆಯಾಗಬಾರದು ಅಂತ ಇಷ್ಟು ಮುತುವರ್ಜಿ! ಹುಡುಗರು ಪಾಪ, ಮೂರು ಪ್ರತಿ ಟೈಪ್ ಮಾಡಿಸಿ ಕೊಟ್ಟರು. ಗುಮಾಸ್ತರು ಮೂರನೇ ಹಾಡು ಓದುತ್ತಾ ಓದುತ್ತಾ ತಲೆ ಕೆರೆದುಕೊಂಡರಂತೆ.

"ಇದನ್ನ ಎಲ್ಲೋ ಓದಿದೀನಲ್ಲಪ್ಪಾ."

"ನಮ್ಮೂರ ಬೋರ್‌ವೆಲ್ ಅರ್ಜಿ ಸಾರ್. ನಿಮ್ಮ ಟೇಬಲ್ಲಿಗೇ ಕೊಟ್ಟಿದ್ವಿ. ಅದನ್ನೇ ಹಾಡು ಮಾಡಿದೀವಿ."

ನಿಜ. ಮೂರನೇ ಹಾಡು ಪೂರ್ತಿ ಅರ್ಜಿ. ಇಂದ, ಇವರಿಗೆ, ವಿಷಯ, ಉಲ್ಲೇಖ ಎಲ್ಲ ಇದೆ. 'ಮಾನ್ಯರೇ' ಅನ್ನುವ ಜಾಗದಲ್ಲಿ ಬ್ರೇಕ್‌ಡೌನ್ ಬರುತ್ತದೆ, ಎಲ್ಲರೂ ಒಟ್ಟಿಗೆ ಕೂಗುತ್ತಾರೆ. ಇಡೀ ಆಲ್ಬಂನಲ್ಲಿ ನನಗೆ ಬಹಳ ಇಷ್ಟವಾದ ಜಾಗ ಅದು. ಎರಡು ವರ್ಷ ಕಡತದಲ್ಲಿ ಮಲಗಿದ್ದ ಅರ್ಜಿಯನ್ನು ಒಬ್ಬ ಸರ್ಕಾರಿ ನೌಕರ ಕೊನೆಯವರೆಗೂ ಓದಿದ್ದು ಅದು ಹಾಡು ಅನ್ನಿಸಿಕೊಂಡ ಮೇಲೆ. ರೈತ ಸಂಘದವರು ಗಮನಿಸಬೇಕು.

ಇನ್ನು ಭಾಷೆಯ ರಗಳೆ. ಇದು ಕನ್ನಡವೋ ತೆಲುಗೋ ಅಂತ ಒಬ್ಬ ಮುಖಂಡರು ತಕರಾರು ತೆಗೆದರು. ಬೇರೆ ಜಿಲ್ಲೆಯಲ್ಲಾದರೆ ಹಾಡು ಕೇಳಿ ಹೇಳಬಹುದಿತ್ತು. ಚಿಕ್ಕಬಳ್ಳಾಪುರದಲ್ಲಿ ಜನ ಮಾತಾಡಿದ್ದು ಕೇಳಿಯೇ ಹೇಳೋದು ಕಷ್ಟ. ಒಂದು ವಾಕ್ಯ ಕನ್ನಡದಲ್ಲಿ ಹತ್ತಿ ತೆಲುಗಿನಲ್ಲಿ ಇಳಿಯುತ್ತದೆ. ಬಾಗೇಪಲ್ಲಿ ಕಡೆಗೆ ಹೋದರೆ ಹತ್ತೋದೂ ತೆಲುಗಲ್ಲೇ. ಮುಖಂಡರು ಆಲ್ಬಂ ಹಾಕಿಸಿಕೊಂಡು ಕಣ್ಣುಮುಚ್ಚಿ ಕೇಳಿದರು. ಏನೂ ತಿಳಿಯಲಿಲ್ಲ. ಇನ್ನೊಮ್ಮೆ ಹಾಕಿಸಿದರು. ಕೊನೆಗೆ "ಇದು ಕನ್ನಡ ಅಂತ ಸಾಬೀತಾಗುವವರೆಗೂ ಕನ್ನಡ ಅಲ್ಲ" ಅಂತ ತೀರ್ಪು ಕೊಟ್ಟು, ಎದ್ದು ಹೋಗುವಾಗ ಫೋನಿನಲ್ಲಿ "ಆ, ವಸ್ತಾ ಉನ್ನಾನು" ಅಂದರು.

ಡ್ರಗ್ಸ್ ಪ್ರಶ್ನೆ ಬರದಿದ್ದರೆ ಹೇಗೆ? ಉದ್ದ ಕೂದಲು, ಕಪ್ಪು ಬನಿಯನ್, ಓದಲಾಗದ ಅಕ್ಷರದ ಲೋಗೋ. ಅನುಮಾನಕ್ಕೆ ಇನ್ನೇನು ಬೇಕು? ಹಾರ್ಡ್‌ಕೋರ್‌ನವರಲ್ಲಿ ಒಂದು ಪಂಥವೇ ಇದೆ, ಕುಡಿಯಲ್ಲ, ಸೇದಲ್ಲ, ಯಾವ ಅಮಲನ್ನೂ ಮುಟ್ಟಲ್ಲ ಅನ್ನುವವರದು. ಸ್ಟ್ರೈಟ್ ಎಡ್ಜ್ ಅಂತಾರೆ. 1981ರಲ್ಲಿ ಅಮೆರಿಕದ ವಾಷಿಂಗ್ಟನ್‌ನ ಮೈನರ್ ಥ್ರೆಟ್ ಅನ್ನುವ ತಂಡದಿಂದ ಆ ಹೆಸರು ಬಂತು. ನಮ್ಮ ಗಾಯಕ ಹುಡುಗ ಆ ವ್ರತದವನು. ಟೀ ಕೊಟ್ಟರೂ ಬೇಡ ಅಂತಾನೆ. ಅವನನ್ನು ವಿಚಾರಿಸಲು ಬಂದವರಲ್ಲಿ ಒಬ್ಬರ ಬಾಯಿಂದ ಬೆಳಿಗ್ಗೆ ಹನ್ನೊಂದಕ್ಕೇ ಬರುತ್ತಿದ್ದ ವಾಸನೆ ಏಲಕ್ಕಿಯದಲ್ಲ.

ಹಾಡು ತೀರಾ ಚಿಕ್ಕದು, ಇದು ಸಂಗೀತಕ್ಕೆ ಅವಮಾನ ಅಂತಲೂ ಆಕ್ಷೇಪ ಬಂದಿದೆ. ಇಲ್ಲಿ ಸ್ವಲ್ಪ ನಿಲ್ಲೋಣ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ನೇಪಾಮ್ ಡೆತ್ ಅನ್ನುವ ತಂಡವಿದೆ. 1987ರ ಅವರ ಮೊದಲ ಆಲ್ಬಂನಲ್ಲಿ 28 ಹಾಡು. ಅದರಲ್ಲೊಂದು 1.316 ಸೆಕೆಂಡಿನದು, ಜಗತ್ತಿನ ಅತಿ ಚಿಕ್ಕ ಹಾಡು ಅಂತ ಗಿನ್ನೆಸ್ ದಾಖಲೆಯಾಯಿತು. ನೀನು ನರಳುತ್ತಿದ್ದೀಯ, ಆದರೆ ಯಾಕೆ ಅಂತ ಕೇಳುವುದಷ್ಟೇ ಅದರ ಕೆಲಸ. ಕೇಳಿ ಮುಗಿಸಿಬಿಡುತ್ತದೆ.

ಈಗ ನಮ್ಮ ಸರ್ಕಾರಿ ವೇದಿಕೆಗೆ ಬನ್ನಿ. ಹತ್ತೂವರೆಗೆ ಅಂದ ಕಾರ್ಯಕ್ರಮ. ಹನ್ನೆರಡೂಕಾಲಿಗೆ ಗಣ್ಯರು ಬರ್ತಾರೆ. ಪ್ರಾರ್ಥನೆ, ನಾಡಗೀತೆ, ರೈತಗೀತೆ. ದೀಪ ಹಚ್ಚೋಕೆ ಹನ್ನೊಂದು ಜನ, ಬೆಂಕಿಕಡ್ಡಿ ಒಂದೇ, ಗಾಳಿ ಜಾಸ್ತಿ. ಸ್ವಾಗತ ಭಾಷಣದಲ್ಲಿ ವೇದಿಕೆ ಮೇಲಿನ ಮೂವತ್ತು ಜನರ ಹೆಸರು, ಕೊನೆಗೆ 'ಹೆಸರು ಬಿಟ್ಟುಹೋಗಿದ್ದರೆ ಕ್ಷಮಿಸಿ' ಅಂತ, ಆಮೇಲೆ ಬಿಟ್ಟುಹೋದವರ ಹೆಸರು. ಪ್ರಾಸ್ತಾವಿಕ ನುಡಿ. ಶಾಲು, ಪೇಟ, ಹಣ್ಣಿನ ಬುಟ್ಟಿ, ಮೊಮೆಂಟೊ. ಶಾಲು ಹೊದಿಸಿದ್ದು ಫೋಟೊದಲ್ಲಿ ಸರಿಯಾಗಿ ಬರಲಿಲ್ಲ ಅಂತ ಮತ್ತೆ ಬಿಚ್ಚಿ ಹೊದಿಸ್ತಾರೆ. ಪ್ರತಿ ಭಾಷಣಕಾರರೂ "ಸಮಯದ ಅಭಾವವಿದೆ, ಎರಡೇ ಮಾತು" ಅಂತ ಶುರುಮಾಡಿ ಮುಕ್ಕಾಲು ಗಂಟೆ ನಿಲ್ತಾರೆ. ಊಟದ ಕಡೆ ಪಾತ್ರೆ ಸದ್ದು ಕೇಳಿದಾಗ ಸಭಿಕರು ಎದ್ದು ಹೋಗಿರ್ತಾರೆ. ಆಗ ವಂದನಾರ್ಪಣೆ, ಹತ್ತು ನಿಮಿಷ. ಲೆಕ್ಕ ಹಾಕಿ ನೋಡಿದೆ. ಆ ಹತ್ತು ನಿಮಿಷದಲ್ಲಿ ಬರ್ಮಿಂಗ್‌ಹ್ಯಾಮ್‌ನವರ ಆ ಹಾಡನ್ನು 455 ಸಲ ಹಾಡಬಹುದು. 455 ಸಲ 'ಯಾಕೆ' ಅಂತ ಕೇಳಿದ ಹಾಗಾಯಿತು. ಪೆಂಡಾಲಿನಲ್ಲಿ ಉಳಿದಿರುವ ಅಂಗನವಾಡಿ ಕಾರ್ಯಕರ್ತೆಯರ ಮನಸ್ಸಲ್ಲಿ ಇರುವುದೂ ಅದೇ ಪ್ರಶ್ನೆ.

ಡ್ರಮ್ಮರ್ ಹುಡುಗನ ವಿಷಯ ಹೇಳ್ತೀನಿ ಅಂದಿದ್ದೆ. "ಇಷ್ಟು ವೇಗ ಎಲ್ಲಿ ಕಲಿತೆಯೋ" ಅಂತ ಕೇಳಿದರೆ, "ಜಾತ್ರೇಲಿ ಅಣ್ಣಾ, ತಮಟೆ ನೋಡಿ" ಅಂದ. ಅವನ ತಾತ ತಮಟೆ ಬಡಿಯುತ್ತಿದ್ದರಂತೆ. ನಮ್ಮ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿ 2023ರಲ್ಲಿ ಪದ್ಮಶ್ರೀ ಬಂತು. ಬಂದ ಮೇಲೆ ಸನ್ಮಾನವೋ ಸನ್ಮಾನ. ತಮಟೆ ನಮ್ಮ ಸಂಸ್ಕೃತಿ ಅಂತ ಎಲ್ಲ ವೇದಿಕೆಯಲ್ಲೂ ಕೇಳಿಬಂತು. ತಮಟೆಯವರನ್ನು ಅಲ್ಲಿಯವರೆಗೂ ದೇವಸ್ಥಾನದಿಂದ ಎಷ್ಟು ದೂರ ನಿಲ್ಲಿಸಿದ್ದರು ಅಂತ ಯಾರೂ ಹೇಳಲಿಲ್ಲ. ಪದ್ಮಶ್ರೀ ಬರುವವರೆಗೆ ಗಲಾಟೆ, ಬಂದ ಮರುದಿನದಿಂದ ಸಂಸ್ಕೃತಿ. ಹುಡುಗರಿಗೆ ಹೇಳಿದೆ, ಇನ್ನೊಂದು ಐವತ್ತು ವರ್ಷ ತಾಳ್ಕೊಳ್ಳಿ ಅಂತ.

ಈ ಸಂಗೀತ ವಿದೇಶದ್ದು, ನಮ್ಮ ಮಣ್ಣಿನದಲ್ಲ ಅನ್ನುವ ಮಾತಂತೂ ಇದ್ದೇ ಇದೆ. ಆ ಬರ್ಮಿಂಗ್‌ಹ್ಯಾಮ್ ಇದೆಯಲ್ಲ, ಅದು ಕಾರ್ಖಾನೆಗಳ ಊರು. ಡೆತ್ ಮೆಟಲ್‌ಗೆ ಮೂಲವಾದ ಹೆವಿ ಮೆಟಲ್‌ನ ಬ್ಲ್ಯಾಕ್ ಸಬ್ಬತ್ ತಂಡದವರೂ ಅಲ್ಲಿಯವರೇ. ಅದರ ಗಿಟಾರಿಸ್ಟ್ ಟೋನಿ ಐಯೊಮಿ ಹದಿಹರೆಯದಲ್ಲಿ ತಗಡಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ. ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳಿನ ತುದಿ ಹೋಯಿತು. ಎಡಗೈ ವಾದಕ, ತಂತಿ ಒತ್ತುವ ಕೈಯೇ ಅದು. ಬೆರಳಿಗೆ ಪ್ಲಾಸ್ಟಿಕ್ ಟೋಪಿ ಹಾಕಿಕೊಂಡ, ತೆಳು ತಂತಿ ಹಾಕಿದ, ಆಮೇಲೆ ಶ್ರುತಿ ಇಳಿಸಿದ. ಹೆವಿ ಮೆಟಲ್‌ನ ಆ ಭಾರದ ದನಿಯ ಹಿಂದೆ ತುಂಡಾದ ಆ ಬೆರಳುಗಳಿವೆ. ಕಲ್ಲು ಒಡೆಯುವ ಜಿಲ್ಲೆಯಲ್ಲಿ, ಹಗಲೂ ರಾತ್ರಿ ಜಲ್ಲಿ ಕ್ರಷರ್ ತಿರುಗುವ ಕಡೆ, ಮೂವತ್ತು ಸೆಕೆಂಡಿಗೊಂದು ಎಂ-ಸ್ಯಾಂಡ್ ಟಿಪ್ಪರ್ ಹಾರ್ನ್ ಒತ್ತಿಕೊಂಡು ಹೋಗುವ ರಸ್ತೆ ಪಕ್ಕದ ಮನೆಯಲ್ಲಿ ಹುಟ್ಟಿದ ಹುಡುಗ ಇನ್ನೆಂಥ ಹಾಡು ಹಾಡಬೇಕಿತ್ತು? ಭಾವಗೀತೆಯಾ?

2021ರ ಫೆಬ್ರವರಿ 23ರಂದು ನಮ್ಮ ಜಿಲ್ಲೆಯ ಹಿರೇನಾಗವಲ್ಲಿ ಹತ್ತಿರ ಬಂಡೆ ಸಿಡಿಸುವ ಜಿಲೆಟಿನ್ ಸಿಡಿದು ಆರು ಜನ ಸತ್ತರು. ಅದಕ್ಕೆ ಒಂದು ತಿಂಗಳ ಹಿಂದಷ್ಟೇ ಶಿವಮೊಗ್ಗದ ಹುಣಸೋಡಿನಲ್ಲಿ ಇದೇ ಕತೆ ಆಗಿತ್ತು. ಆ ಸದ್ದಿಗೆ ಮೊದಲು ಯಾರೂ ಮೂರು ಪ್ರತಿ ಕೇಳಿರಲಿಲ್ಲ. ಕ್ರಷರ್ ಧೂಳು ಕುಡಿದು ಕೆಮ್ಮುವವರ ಕೆಮ್ಮು ಎಷ್ಟು ಡೆಸಿಬಲ್ ಅಂತ ಯಾರೂ ಅಳೆದಿಲ್ಲ. ಪಶ್ಚಿಮ ಘಟ್ಟದಿಂದ ಎತ್ತಿನಹೊಳೆ ನೀರು ತರ್ತೀವಿ ಅಂತ 2014ರಲ್ಲಿ ಇದೇ ಜಿಲ್ಲೆಯಲ್ಲಿ ಅಡಿಗಲ್ಲು ಹಾಕಿದರು, 2024ರಲ್ಲಿ ಸಕಲೇಶಪುರದಲ್ಲಿ ಮೊದಲ ಹಂತ ಉದ್ಘಾಟನೆ ಮಾಡಿದರು. ನಮಗೆ ಇಲ್ಲಿಯವರೆಗೆ ಬಂದಿದ್ದು ಬೆಂಗಳೂರಿನವರು ಬಳಸಿ ಬಿಟ್ಟ ನೀರು, ಎರಡು ಹಂತ ಶುದ್ಧ ಮಾಡಿದ್ದು. ಮೂರನೇ ಹಂತವನ್ನೂ ಮಾಡಿಕೊಡಿ ಅಂತ ಜನ ಬೀದಿಗಿಳಿದು ಕೂಗಿ ಕೂಗಿ ಸಾಕಾದರು. ಆ ಕೂಗು ಕೇಳಿಸಲಿಲ್ಲ. ಬಾಗಿಲು ಹಾಕಿದ ಹಾಲಿನೊಳಗೆ 22 ನಿಮಿಷ ಗಿಟಾರ್ ಬಾರಿಸ್ತಾರೆ ಅಂದರೆ ಮಾತ್ರ ಇವರ ಕಿವಿ ಇಷ್ಟು ಸೂಕ್ಷ್ಮವಾಗಿಬಿಡುತ್ತದೆ. ನಾಚಿಕೆ ಆಗಬೇಕು. ಆಗಲ್ಲ, ಗೊತ್ತು.

ಇರಲಿ. ಮೊನ್ನೆ ಹುಡುಗರಿಗೆ ಒಂದು ಫೋನ್ ಬಂದಿದೆ. ಸ್ಥಳೀಯ ನಾಯಕರೊಬ್ಬರ ಹುಟ್ಟುಹಬ್ಬ. ಬಸ್ ಸ್ಟ್ಯಾಂಡ್ ಹತ್ತಿರವೇ ಸ್ಟೇಜು, ಇಪ್ಪತ್ತು ಬಾಕ್ಸ್ ಸ್ಪೀಕರ್, ರಾತ್ರಿ ಎಷ್ಟು ಹೊತ್ತಾದರೂ ತೊಂದರೆಯಿಲ್ಲ, ಪರ್ಮಿಷನ್ ಎಲ್ಲ ಅವರೇ ನೋಡ್ಕೋತಾರೆ. ಪತ್ರದ ಗಲಾಟೆಯಿಂದ ನಿಮ್ಮ ಹೆಸರು ಚೆನ್ನಾಗಿ ಓಡ್ತಾ ಇದೆ, ವಾಯ್ಸ್ ಒಳ್ಳೆ ಗತ್ತಾಗಿದೆ ಅಂದರಂತೆ. ಷರತ್ತು ಒಂದೇ. ಪ್ರತಿ ಹಾಡಿನಲ್ಲೂ ಅಣ್ಣನ ಹೆಸರು ಬರಬೇಕು.

"ಏನಣ್ಣಾ ಮಾಡೋದು?" ಅಂತ ಹುಡುಗರು ಕೇಳಿದರು.

ಒಪ್ಕೊಳ್ಳಿ ಅಂದೆ. 17 ಹಾಡೂ ಹಾಗೇ ಹಾಡಿ, ಬೋರ್‌ವೆಲ್ ಅರ್ಜಿ ಎರಡು ಸಲ ಹಾಡಿ. ಯಾವುದರಲ್ಲಿ ಹೆಸರು ಬಂತು, ಯಾವುದರಲ್ಲಿ ಬರಲಿಲ್ಲ ಅಂತ ಕಂಡುಹಿಡಿಯೋಕೆ ಅವರಪ್ಪನ ಕೈಲೂ ಆಗಲ್ಲ. ಅಡ್ವಾನ್ಸ್ ಮಾತ್ರ ಮೊದಲೇ ಇಸ್ಕೊಳ್ಳಿ.