ಒಂದು ಮೊಳೆ, ನಾಲ್ಕು ಟೈರು

ಕಾರಿನ ಸೀಟಿನ ಮೇಲೆ ಬಿಸ್ಕತ್ತಿನ ಪುಡಿ ಬಿದ್ದರೆ ಮಕ್ಕಳನ್ನು ಗದರುವವರು, ಬಾಗಿಲಿಗೆ ಗೀರು ಬಿದ್ದರೆ ರಾತ್ರಿ ನಿದ್ದೆಗೆಡುವವರು, ಟೈರಿನ ವಿಷಯಕ್ಕೆ ಬಂದಾಗ ಮಾತ್ರ ವೈರಾಗ್ಯ ತಾಳುತ್ತಾರೆ. ಕಾಲಿನಿಂದ ಒಮ್ಮೆ ಒದ್ದು, 'ಗಾಳಿ ಇದೆ' ಎಂದು ತೀರ್ಪು ಕೊಟ್ಟು ಹೊರಟರೆ ಮುಗಿಯಿತು. ಒದೆ ತಿಂದ ಟೈರು ಬಾಯಿ ಬಿಡುವುದಿಲ್ಲ. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಎಳೆತವಿರುವ ಆಲ್ ವೀಲ್ ಡ್ರೈವ್ ಕಾರಿನಲ್ಲಾದರೆ ಅದರ ಪರವಾಗಿ ಗೇರ್‌ಬಾಕ್ಸು ದೂರು ಕೊಡುತ್ತದೆ, ಸ್ವಲ್ಪ ತಡವಾಗಿ.

ಇಂಥ ಕಾರಿನ ಒಂದು ಟೈರಿನ ಪಕ್ಕೆಗೆ ಮೊಳೆ ಹೊಕ್ಕಿದೆ ಎಂದಿಟ್ಟುಕೊಳ್ಳಿ. ನೆಲಕ್ಕೆ ತಾಗುವ ಭಾಗದಲ್ಲಿ 6 ಮಿ.ಮೀ.ವರೆಗಿನ ತೂತಾಗಿದ್ದರೆ ಟೈರು ಬಿಚ್ಚಿ, ಒಳಗಿನಿಂದ ಪ್ಯಾಚು-ಪ್ಲಗ್ಗು ಹಾಕಿಸಬಹುದು. ಪಕ್ಕೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚಿಕೊಳ್ಳುವ ಜಾಗ, ಅಲ್ಲಿ ತೇಪೆ ನಿಲ್ಲದು. ಆ ಟೈರು ಹೋಯಿತು. ಉಳಿದ ಮೂರು ಅರ್ಧ ಸವೆದಿವೆ, ಇನ್ನೂ ಓಡಬಲ್ಲವು. ಒಂದು ಹೋದರೆ ಒಂದು ತಂದರಾಯಿತು ಎನ್ನುವುದು ಮನೆಯ ಲೆಕ್ಕ. ಕಾರಿನ ಲೆಕ್ಕ ಬೇರೆ.

225/60 ಆರ್17 ಟೈರನ್ನೇ ತೆಗೆದುಕೊಳ್ಳಿ. ಅಗಲ 225 ಮಿ.ಮೀ., ಪಕ್ಕೆಯ ಎತ್ತರ ಅದರ ಶೇ. 60, ಅಂದರೆ 135 ಮಿ.ಮೀ., ರಿಮ್ಮು 17 ಇಂಚು. ಕೂಡಿದರೆ ವ್ಯಾಸ ಸುಮಾರು 702, ಸುತ್ತಳತೆ 2,205 ಮಿ.ಮೀ. ಇದರ ರಬ್ಬರು 3 ಮಿ.ಮೀ. ಸವೆದರೆ ವ್ಯಾಸ 6, ಸುತ್ತಳತೆ ಹತ್ತಿರ ಹತ್ತಿರ 19 ಮಿ.ಮೀ. ಕುಗ್ಗುತ್ತದೆ. ಹೊಸದು ಒಂದು ಕಿಲೋಮೀಟರಿಗೆ ಸುಮಾರು 454 ಸುತ್ತು ಹಾಕಿದರೆ ಸವೆದದ್ದು 458 ಹಾಕಬೇಕು. ನಾಲ್ಕೇ ಸುತ್ತಲ್ಲವೇ ಎನ್ನಬಹುದು. ನೂರು ಕಿಲೋಮೀಟರಿನಲ್ಲಿ ಅದು ನಾನೂರಾಗುತ್ತದೆ, ಅದೂ ನೇರ ರಸ್ತೆಯಲ್ಲಿ. ತಿರುವಿನಲ್ಲಿ ಒಳಚಕ್ರಕ್ಕೂ ಹೊರಚಕ್ರಕ್ಕೂ ಬರುವ ವ್ಯತ್ಯಾಸವನ್ನು, ಎಡ-ಬಲ ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಗುಂಪಾದ ಡಿಫರೆನ್ಷಿಯಲ್ಲು ಕ್ಷಣಕಾಲ ಸಂಭಾಳಿಸಿ ಸುಮ್ಮನಾಗುತ್ತದೆ. ಈ ವ್ಯತ್ಯಾಸಕ್ಕೆ ಬಿಡುವೇ ಇಲ್ಲ.

ಹಾಗಾದರೆ ಜೋಡಿಯಾಗಿ ಎರಡು ಹಾಕಿಸೋಣ ಎಂಬ ರಾಜಿ ಸೂತ್ರ ಹೊರಡುತ್ತದೆ. ಎರಡು ಚಕ್ರಕ್ಕೆ ಮಾತ್ರ ಎಳೆತವಿರುವ ಕಾರಿಗೆ ಇದು ಸರಿ. ಹೊಸ ಜೋಡಿ ಹಿಂದಕ್ಕೆ ಹೋಗಬೇಕು, ಅಷ್ಟೆ. ಆಲ್ ವೀಲ್ ಡ್ರೈವಿನಲ್ಲಿ ಮಾತ್ರ ಒಂದು ವಿಚಿತ್ರ. ಒಂದೇ ಹೊಸ ಟೈರು ಹಾಕಿದರೆ ಆ ಆಕ್ಸಲ್ಲಿನ, ಅಂದರೆ ಆ ಚಕ್ರದ ಜೋಡಿಯ ಅಚ್ಚಿನ, ಡಿಫರೆನ್ಷಿಯಲ್ಲು ಬೇಸರವಿಲ್ಲದೆ ದುಡಿಯುತ್ತಿರಬೇಕು, ಮುಂದಿನ-ಹಿಂದಿನ ಆಕ್ಸಲ್ಲುಗಳ ನಡುವಿನ ಜೋಡಣೆಗೆ ತಲುಪುವುದು ವ್ಯತ್ಯಾಸದ ಅರ್ಧ. ಎರಡು ಹಾಕಿದರೆ ಎಡ-ಬಲ ಸಮನಾಗಿ, ಪೂರಾ ವ್ಯತ್ಯಾಸ ನಡುವಿನ ಜೋಡಣೆಯ ತಲೆಗೇ ಬಂತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಯಂತ್ರರೂಪ ಸಿಗಲಾರದು. ನಡುವೆ ದ್ರವದ ಮೂಲಕ ಬಲ ದಾಟಿಸುವ ವಿಸ್ಕಸ್ ಕಪ್ಲಿಂಗ್ ಇದ್ದರೆ ಅದರೊಳಗಿನ ಸಿಲಿಕೋನ್ ದ್ರವ ಕಾದು, ತಟ್ಟೆಗಳು ಪರಸ್ಪರ ಕಚ್ಚಿಕೊಳ್ಳತೊಡಗುತ್ತವೆ. ಕ್ಲಚ್ಚು ಇದ್ದರೆ ಅದರ ಪದರಗಳು ಉಜ್ಜಿ ಸವೆಯುತ್ತವೆ. ಕಾರು ನಿಲ್ಲಿಸುವ ಜಾಗದಲ್ಲಿ ಸ್ಟೇರಿಂಗನ್ನು ಪೂರ್ತಿ ತಿರುಗಿಸಿ ನಿಧಾನಕ್ಕೆ ಚಲಿಸುವಾಗ ಯಾರೋ ಹಿಂದಿನಿಂದ ಹಿಡಿದೆಳೆದಂತೆ ಕಾರು ಜಗ್ಗಿ ಜಗ್ಗಿ ಹೋದರೆ ಬ್ರೇಕಿನ ಮೇಲೆ ಅನುಮಾನ ಪಡುವ ಮೊದಲು ಟೈರು ಅಳೆಯಬೇಕು.

ಅಳತೆಗೆ ಬೇಕಾದದ್ದು ಒಂದು ಸಣ್ಣ ಗೇಜು. ರಬ್ಬರಿನ ಒಳಗಿನ, ನಡುವಿನ, ಹೊರಗಿನ ತೋಡುಗಳಲ್ಲಿ, ಟೈರಿನ ಸುತ್ತ ಮೂರು ಕಡೆ ಅದನ್ನು ಇಳಿಸಿ ನೋಡಿ. ತೋಡಿನ ತಳದಲ್ಲಿ ಅಲ್ಲಲ್ಲಿ ಉಬ್ಬಿರುವ ಸವೆತದ ಗುರುತಿನ ಮೇಲೆ ಗೇಜಿನ ಮೊನೆ ಕೂತರೆ ಲೆಕ್ಕ ತಪ್ಪುತ್ತದೆ. ಹೊಸ ಟೈರಿನ ಆಳ ಸಾಮಾನ್ಯವಾಗಿ 8 ಮಿ.ಮೀ. ಆಸುಪಾಸು, ಆ ಗುರುತು ಇರುವುದು 1.6ರಲ್ಲಿ. ಕಟ್ಟುನಿಟ್ಟಿನ ಕಾರು ತಯಾರಕರು ಸುತ್ತಳತೆಯಲ್ಲಿ ಸುಮಾರು 6 ಮಿ.ಮೀ. ವ್ಯತ್ಯಾಸವನ್ನಷ್ಟೇ ಒಪ್ಪುತ್ತಾರೆ, ಎಂದರೆ ಆಳದಲ್ಲಿ ಬರೀ 1 ಮಿ.ಮೀ. ಇನ್ನು ಕೆಲವರು ಇದಕ್ಕಿಂತ ಉದಾರಿಗಳು. ಯಾರ ಉದಾರತೆ ಎಷ್ಟು ಎನ್ನುವುದು ಕಾರಿನ ಜೊತೆ ಬಂದ, ಯಾರೂ ಓದದ ಕೈಪಿಡಿಯಲ್ಲಿರುತ್ತದೆ.

ಉಳಿದ ಮೂರರಲ್ಲಿ 5–6 ಮಿ.ಮೀ. ಇದ್ದರೆ ಅದೇ ಕಂಪನಿಯ ಅದೇ ಮಾದರಿಯ ಹೊಸ ಟೈರು ತಂದು, ಯಂತ್ರದಲ್ಲಿ ಹೆರೆಸಿ ಅವುಗಳ ಮಟ್ಟಕ್ಕೆ ಇಳಿಸುವ ದಾರಿಯಿದೆ. ದುಡ್ಡು ಕೊಟ್ಟು ಕೊಂಡ ರಬ್ಬರನ್ನು ಮತ್ತೆ ದುಡ್ಡು ಕೊಟ್ಟು ಉದುರಿಸುವುದು ಕರುಳು ಹಿಂಡುವ ಕೆಲಸ, ನಿಜ. ಆದರೂ ಮೂರು ಒಳ್ಳೆಯ ಟೈರು ಉಳಿಯುತ್ತವೆ. ಅವು 3–4ಕ್ಕೆ ಇಳಿದಿದ್ದರೆ ಚೌಕಾಸಿ ಬೇಡ, ನಾಲ್ಕನ್ನೂ ಬದಲಿಸುವುದೇ ಸೈ.

ನಾಲ್ಕು ಕೊಳ್ಳುವಾಗ ನಾಲ್ಕೂ ಒಂದೇ ಕಂಪನಿ, ಒಂದೇ ಮಾದರಿ ಇರಲಿ. ಒಂದೇ ಸೈಜು ಬರೆದಿದ್ದರೂ ಎರಡು ಕಂಪನಿಗಳ ಟೈರು ನಿಜವಾದ ಅಳತೆಯಲ್ಲಿ ಕೆಲವು ಮಿ.ಮೀ. ಹೆಚ್ಚುಕಮ್ಮಿ ಇರುತ್ತವೆ. ಸೈಜಿನ ಪಕ್ಕದ 99ಎಚ್ ಎಂಬುದರಲ್ಲಿ 99 ಎಂದರೆ ಒಂದು ಟೈರು 775 ಕೆ.ಜಿ. ಹೊರುತ್ತದೆ ಎಂದರ್ಥ, ಎಚ್ ಎಂದರೆ ಗಂಟೆಗೆ 210 ಕಿ.ಮೀ. ವೇಗದ ಮಿತಿ. ಅಜ್ಜ-ಅಜ್ಜಿ, ಮಕ್ಕಳು, ಸಾಮಾನು ಎಲ್ಲ ಹತ್ತುವ ಕಾರಿನಲ್ಲಿ ಭಾರದ ಅಂಕಿ ಕಾರಿನ ಕಂಪನಿ ಹೇಳಿದ್ದಕ್ಕಿಂತ ಇಳಿಯಬಾರದು. ಪಕ್ಕೆಯಲ್ಲಿ 2324 ಎಂದಿದ್ದರೆ ಅದು 2024ರ 23ನೇ ವಾರದ ಕೂಸು.

ಇನ್ನು ನಾಲ್ಕೂ ಚಕ್ರಕ್ಕೆ ಎಳೆತವಿದೆ, ಟೈರು ಹೇಗಿದ್ದರೇನು ಎಂಬ ಭಂಡಧೈರ್ಯ. ಆ ಎಳೆತ ಕೆಸರಿನಿಂದ ಹೊರಡುವುದಕ್ಕೆ ಒದಗುತ್ತದೆ, ನಿಲ್ಲುವುದಕ್ಕಲ್ಲ. ಬ್ರೇಕು ಎಲ್ಲ ಕಾರುಗಳಿಗೂ ನಾಲ್ಕು ಚಕ್ರಕ್ಕೇ ಇರುವುದು. ಆದ್ದರಿಂದ ಹೆಚ್ಚು ಕಿಲೋಮೀಟರ್ ಬಾಳುವ ಗಡಸು ರಬ್ಬರಿಗಿಂತ ಒದ್ದೆ ರಸ್ತೆಯಲ್ಲಿ ಬೇಗ ನಿಲ್ಲಿಸುವ ಟೈರಿಗೆ ಮೊದಲ ಮಣೆ. ಹಿಮ ಬೀಳುವ ಕಡೆ ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳಿನ ಚಿತ್ರವಿರುವ ಟೈರು, ಅದೂ ನಾಲ್ಕಕ್ಕೆ ನಾಲ್ಕು.

ಹಾಕಿಸಿದ ಮೇಲೆ ನೂರು ಕಿಲೋಮೀಟರ್ ಓಡಿಸಿ ನಟ್ಟುಗಳ ಬಿಗಿತವನ್ನು ಟಾರ್ಕ್ ಸ್ಪ್ಯಾನರಿನಿಂದ ಮತ್ತೊಮ್ಮೆ ನೋಡಿಸಿ. ಪ್ರತಿ 8,000–10,000 ಕಿ.ಮೀ.ಗೆ ಟೈರುಗಳ ಜಾಗ ಅದಲುಬದಲಾಗಲಿ. ತಿರುಗುವ ದಿಕ್ಕಿನ ಬಾಣದ ಗುರುತಿರುವ ಟೈರು ಅದೇ ಬದಿಯಲ್ಲಿ ಮುಂದೆ-ಹಿಂದೆ ಮಾತ್ರ ಹೋಗಬಲ್ಲದು. ಈ ಅದಲುಬದಲು ಮರೆತರೆ ಯಾವ ಮೊಳೆಯ ಹಂಗೂ ಇಲ್ಲದೆ ಮುಂದಿನವು ಬೇಗ ಸವೆದು, ಅದೇ ನಾನೂರು ಸುತ್ತಿನ ಜಗಳ ಮನೆಯೊಳಗೇ ಹುಟ್ಟುತ್ತದೆ.

ಬಿಚ್ಚಿದ ಮೂರು ಹಳೆಯವನ್ನು ಅಂಗಡಿಯಲ್ಲೇ ಬಿಟ್ಟುಬರುವುದು ವಾಡಿಕೆ. ಹೊಸವೂ ಅದೇ ಮಾದರಿಯಾಗಿದ್ದು ಹಳೆಯದಕ್ಕೆ ವಯಸ್ಸು ಹೆಚ್ಚಾಗಿಲ್ಲದಿದ್ದರೆ ಚೆನ್ನಾಗಿರುವ ಒಂದನ್ನು ಮನೆಗೆ ತನ್ನಿ. ಬಿಸಿಲು ಬೀಳದ ಮೂಲೆಯಲ್ಲಿಟ್ಟು, ಪಕ್ಕೆಯ ಮೇಲೆ ಸೀಮೆಸುಣ್ಣದಲ್ಲಿ '4.5 ಮಿ.ಮೀ.' ಎಂದು ಬರೆದಿಡಿ. ಹೊಸವು ಆ ಆಳಕ್ಕೆ ಇಳಿಯುವ ಹೊತ್ತಿಗೆ ಇನ್ನೊಂದು ಮೊಳೆ ಸಿಕ್ಕರೆ, ಈ ಸಲ ಒಂದೇ ಟೈರು ಸಾಕು.